ಬಾಳಸಂಜೆಗೊಂದು ಬಿಸಿಲಿನ ಊರು

ಜನವರಿಯ ಒಂದು ಮುಂಜಾನೆ. ಕೆನಡಾದ ಸಸ್ಕಾಚೆವಾನ್ ಪ್ರಾಂತದ ಒಂದು ಸಣ್ಣ ಪಟ್ಟಣ. ಹೊರಗೆ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನ ಚಳಿ. ಕಾರಿನ ಎಂಜಿನ್ ಸೆಟೆದು ಹೋಗದಿರಲೆಂದು ರಾತ್ರಿಯಿಡೀ ಅದಕ್ಕೆ ವಿದ್ಯುತ್ ಹೀಟರ್ ಹಾಕಿಡಬೇಕು. ಅಂಗಳದ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕಿದರಷ್ಟೇ ರಸ್ತೆಗೆ ದಾರಿ. ಎಪ್ಪತ್ತರ ಹತ್ತಿರ ಬಂದವರು ಒಂದು ಹೆಜ್ಜೆ ಜಾರಿದರೂ ಸೊಂಟದ ಮೂಳೆ ಮುರಿಯುವ ಭಯ. ಸಂಜೆ ಐದೂವರೆಗೆಲ್ಲ ಕತ್ತಲು ಕವಿಯುತ್ತದೆ. ಮನೆಯೊಳಗೆ ಇಬ್ಬರೇ ಮುದುಕರು, ಒಂದು ಟಿವಿ, ಕಿಟಕಿಯಾಚೆ ಬಿಳಿಯ ಬಯಲು.

ಅದೇ ದಿನ, ಅದೇ ಹೊತ್ತು. ಪಶ್ಚಿಮ ಕೆನಡಾದಿಂದ ಐದಾರು ಗಂಟೆಗಳ ವಿಮಾನಯಾನದಷ್ಟು ದಕ್ಷಿಣಕ್ಕಿರುವ ಮೆಕ್ಸಿಕೊದ ಶಾಂತಸಾಗರದ ದಂಡೆ. ಹಲಿಸ್ಕೊ ರಾಜ್ಯದ ಮೆಲಾಕೆ ಎಂಬ ಮೀನುಗಾರರ ಊರು. ಹತ್ತಿ ಬಟ್ಟೆ ತೊಟ್ಟು ಚಪ್ಪಲಿ ಮೆಟ್ಟಿದ ಗಂಡ ಹೆಂಡತಿ ಮರಳಿನ ಮೇಲೆ ನಿಧಾನವಾಗಿ ನಡೆಯುತ್ತಿದ್ದಾರೆ. ದೋಣಿಗಳು ದಡ ಸೇರುತ್ತಿವೆ. ಉದ್ದ ಕೊಕ್ಕಿನ ಪೆಲಿಕನ್ ಹಕ್ಕಿಗಳು ನೀರಿಗೆ ಧುಮುಕಿ ಮೀನು ಹಿಡಿಯುತ್ತಿವೆ. ಈ ದಂಪತಿಯ ಬೀಗ ಹಾಕಿದ ಮನೆ ಆ ಹಿಮದ ಊರಿನಲ್ಲಿದೆ. ನವೆಂಬರಿನಲ್ಲಿ ಹೊರಟವರು ಅವರು, ಇನ್ನು ಮರಳುವುದು ಏಪ್ರಿಲ್‌ನಲ್ಲಿ.

ಚಳಿಗಾಲ ಬಂದೊಡನೆ ಬೆಚ್ಚಗಿನ ಊರಿಗೆ ಹಾರುವ ಇಂತಹ ವೃದ್ಧರನ್ನು ಉತ್ತರ ಅಮೆರಿಕದಲ್ಲಿ ‘ಹಿಮದ ಹಕ್ಕಿಗಳು’ ಎಂದು ಕರೆಯುತ್ತಾರೆ. ಮೆಕ್ಸಿಕೊದ ಮಜತ್ಲಾನ್, ಪೋರ್ತೊ ವಯಾರ್ತಾ, ಮೆಲಾಕೆ, ಅದರ ಪಕ್ಕದ ಬಾರ್ರಾ ದೆ ನವಿದಾದ್ ಮೊದಲಾದ ಕಡಲತಡಿಯ ಊರುಗಳಲ್ಲಿ ಪ್ರತಿ ವರ್ಷ ಇವರನ್ನು ಕಾಣಬಹುದು. ಇಲ್ಲಿ ನಾವು ನೋಡುತ್ತಿರುವ ದಂಪತಿ ಅಂತಹ ಹಲವರ ಬದುಕನ್ನು ಸೇರಿಸಿ ಕಣ್ಣಮುಂದೆ ತಂದುಕೊಂಡ ಒಂದು ಜೋಡಿ. ಆದ್ದರಿಂದ ಹೆಸರು ಬೇಡ. ಆತನಿಗೆ 71, ಆಕೆಗೆ 68. ಆತ ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವರು. ಆಕೆ ಮೂವರು ಮಕ್ಕಳನ್ನು ಬೆಳೆಸಿ, ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದವರು.

ಶ್ರೀಮಂತಿಕೆಯಲ್ಲ, ಲೆಕ್ಕಾಚಾರ

ವರ್ಷದಲ್ಲಿ ಐದು ತಿಂಗಳು ವಿದೇಶದ ಕಡಲ ತೀರದಲ್ಲಿ ಕಳೆಯುವವರು ಎಂದ ಕೂಡಲೇ ನಾವು ಸಿರಿವಂತರನ್ನು ನೆನೆಯುತ್ತೇವೆ. ಅಂತಹವರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಹೆಚ್ಚಿನವರು ಪಿಂಚಣಿಯ ಹಣವನ್ನು ಎಣಿಸಿ ಎಣಿಸಿ ಬದುಕುವವರು. ಕೆನಡಾದಲ್ಲಿ 65 ತುಂಬಿದವರಿಗೆ ಸರಕಾರದ ವೃದ್ಧಾಪ್ಯ ಪಿಂಚಣಿ ಇದೆ, ದುಡಿಯುವಾಗ ಕಟ್ಟಿದ ವಂತಿಗೆಯ ಪಿಂಚಣಿ ಬೇರೆ. ಮೆಕ್ಸಿಕೊದಲ್ಲಿ ಎರಡು ಕೋಣೆಯ, ಅಡುಗೆಮನೆಯಿರುವ ಒಂದು ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿದು, ಸಂತೆಯ ತರಕಾರಿ ತಂದು ಬೇಯಿಸಿಕೊಂಡರೆ ಆ ಹಣದಲ್ಲಿ ತಿಂಗಳು ಸಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯೂ ಬಾಡಿಗೆ ಏರಿದೆ. 2023ರಲ್ಲಿ ಮೆಕ್ಸಿಕೊದ ಪೆಸೊ ಬಲಗೊಂಡಾಗ ಡಾಲರ್ ಬದಲಾಯಿಸಿ ಬದುಕುವವರ ಕೈ ಇನ್ನಷ್ಟು ಬಿಗಿಯಾಯಿತು.

ಪ್ರವಾಸಿಯಾಗಿ ಬರುವವರಿಗೆ ಮೆಕ್ಸಿಕೊ ಒಂದು ಸಲಕ್ಕೆ ಹೆಚ್ಚೆಂದರೆ 180 ದಿನ ಇರಲು ಬಿಡುತ್ತದೆ. ಮನೆ ಖರೀದಿಸೋಣವೆಂದರೆ ಅದೂ ಸುಲಭವಲ್ಲ. ಸಮುದ್ರ ತೀರದಿಂದ 50 ಕಿಲೋಮೀಟರ್ ಒಳಗಿನ ಭೂಮಿಗೆ ವಿದೇಶೀಯರು ನೇರವಾಗಿ ಒಡೆಯರಾಗುವಂತಿಲ್ಲ ಎಂಬ ನಿಯಮ ಅಲ್ಲಿನ 1917ರ ಸಂವಿಧಾನದಲ್ಲೇ ಇದೆ. ಬ್ಯಾಂಕೊಂದರ ಟ್ರಸ್ಟ್ ಮೂಲಕವೇ ಕೊಳ್ಳಬೇಕು. ನಮ್ಮ ದಂಪತಿ ಆ ಗೋಜಿಗೆ ಹೋಗಿಲ್ಲ. ಅಡುಗೆಯ ಎರಡು ಪಾತ್ರೆ, ಒಂದು ಫ್ಯಾನು, ಎರಡು ಮಡಚುವ ಕುರ್ಚಿ – ಇಷ್ಟನ್ನು ಏಪ್ರಿಲ್‌ನಲ್ಲಿ ಮನೆಯೊಡತಿಯ ಉಗ್ರಾಣದಲ್ಲಿ ಇಟ್ಟು ಹೋಗುತ್ತಾರೆ. ಅದೇ ಅವರ ಆಸ್ತಿ.

ನವೆಂಬರಿನಲ್ಲಿ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಆ ಕರಾವಳಿಯಲ್ಲಿ ಚಂಡಮಾರುತದ ಕಾಲ ಮೇ ನಡುವಿನಿಂದ ನವೆಂಬರ್ ಕೊನೆಯವರೆಗೆ. 2015ರ ಅಕ್ಟೋಬರಿನಲ್ಲಿ ‘ಪೆಟ್ರೀಷಿಯಾ’ ಎಂಬ ಭಾರೀ ಚಂಡಮಾರುತ ಹಲಿಸ್ಕೊದ ಇದೇ ಕರಾವಳಿಗೆ ಬಂದು ಅಪ್ಪಳಿಸಿತ್ತು. 1995ರ ಅಕ್ಟೋಬರ್ 9ರಂದು 8.0 ತೀವ್ರತೆಯ ಭೂಕಂಪವಾಗಿ ಸಮುದ್ರವೂ ಉಕ್ಕಿತ್ತು. ಪ್ರವಾಸಿಗಳು ಬಿಸಿಲಿನ ತಿಂಗಳುಗಳನ್ನಷ್ಟೇ ನೋಡುತ್ತಾರೆ. ಗಾಳಿ ಮಳೆಯ ತಿಂಗಳುಗಳನ್ನು ಊರಿನವರೇ ದಾಟಬೇಕು.

ಹುಣಸೆ, ಸಕ್ಕರೆ ಮತ್ತು ಒಂದು ಪದ

ದೂರದ ದೇಶವಾದರೂ ಅಲ್ಲಿನ ಅಡುಗೆಮನೆ ನಮ್ಮ ಗೃಹಿಣಿಯರಿಗೆ ತೀರ ಅಪರಿಚಿತ ಎನಿಸದು. ಬೀದಿಯಲ್ಲಿ ದೊಡ್ಡ ಗಾಜಿನ ಜಾಡಿಗಳಲ್ಲಿ ಬಣ್ಣ ಬಣ್ಣದ ಪಾನೀಯ ಮಾರುತ್ತಾರೆ. ಒಂದು, ಹುಣಸೆ ಹಣ್ಣಿನದು. ಹೆಸರು ‘ತಮರಿಂದೊ’. ಅರಬಿಯ ‘ತಮರ್ ಹಿಂದಿ’, ಅಂದರೆ ಹಿಂದ್ ದೇಶದ ಖರ್ಜೂರ ಎಂಬುದೇ ಆ ಪದದ ಮೂಲ. ಇನ್ನೊಂದು ಕಡುಗೆಂಪು ಬಣ್ಣದ ‘ಹಮೈಕಾ’. ನಮ್ಮ ಪುಂಡಿಸೊಪ್ಪಿನ ಜಾತಿಯ ಗಿಡದ ಕೆಂಪು ಹೂತೊಟ್ಟುಗಳನ್ನು ಕುದಿಸಿ, ಸಕ್ಕರೆ ಹಾಕಿ, ತಣಿಸಿದ್ದು. ಸಕ್ಕರೆಗೆ ಅಲ್ಲಿ ‘ಅಸೂಕರ್’ ಎನ್ನುತ್ತಾರೆ, ಅದು ಅರಬಿಯ ‘ಸುಕ್ಕರ್’. ಎಣ್ಣೆಗೆ ‘ಅಸೆಯ್ತೆ’, ಅದು ಅರಬಿಯ ‘ಝೈತ್’. ಕ್ರಿ.ಶ. 711ರಿಂದ 1492ರವರೆಗೆ ಸ್ಪೈನ್‌ನಲ್ಲಿದ್ದ ಮುಸ್ಲಿಮ್ ಆಳ್ವಿಕೆಯ ಕಾಲದಲ್ಲಿ ಅರಬಿ ಪದಗಳು ಸ್ಪಾನಿಷ್ ಭಾಷೆಗೆ ಸೇರಿದವು. ಅಲ್ಲಿಂದ ಹಡಗೇರಿ ಮೆಕ್ಸಿಕೊಗೆ ಬಂದವು.

ಸ್ಪಾನಿಷ್ ಕಲಿಯಲು ಹೊರಟ ನಮ್ಮ ಕೆನಡಾದ ಅಜ್ಜಿಗೆ ಒಂದು ಪದ ಬಹಳ ಬೇಗ ಬಾಯಿಗೆ ಬಂತು. ‘ಓಹಲಾ’. ನಾಳೆ ಒಳ್ಳೆಯ ಮೀನು ಸಿಗಬಹುದೇ? ಓಹಲಾ. ಮೊಮ್ಮಗಳ ಜ್ವರ ಇಳಿದೀತೇ? ಓಹಲಾ. ‘ಹಾಗೇ ಆಗಲಿ’ ಎಂಬ ಅರ್ಥದಲ್ಲಿ ಊರಿನವರೆಲ್ಲ ಬಳಸುತ್ತಾರೆ. ಅದರ ಬೇರು ‘ಅಲ್ಲಾಹನು ಇಚ್ಛಿಸಿದರೆ’ ಎಂಬ ಅರಬಿ ನುಡಿ ಎಂಬುದು ಹೇಳುವವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

ತೆಂಗಿಗೂ ಒಂದು ಕತೆಯಿದೆ. 1564ರ ನವೆಂಬರಿನಲ್ಲಿ ಇದೇ ಕೊಲ್ಲಿಯ ಬಾರ್ರಾ ದೆ ನವಿದಾದ್‌ನಿಂದ ಸ್ಪೈನ್‌ನ ಹಡಗುಗಳು ಫಿಲಿಪೈನ್ಸ್‌ಗೆ ಹೊರಟವು. ಆಮೇಲೆ ಆ ದಾರಿಯಲ್ಲಿ ಮರಳಿ ಬಂದ ಹಡಗುಗಳಲ್ಲಿ ಫಿಲಿಪೈನ್ಸ್‌ನ ನಾವಿಕರೂ ಇದ್ದರು. ತೆಂಗಿನ ಕೃಷಿಯ ಬಗೆಗಳನ್ನು ಈ ಕರಾವಳಿಗೆ ಕಲಿಸಿದವರಲ್ಲಿ ಅವರು ಮುಖ್ಯರು. ಇಂದು ಅಲ್ಲಿ ಎಳನೀರು ಕೊಚ್ಚಿ ಕೊಡುವ ಗಾಡಿಯ ಮುಂದೆ ನಿಂತರೆ ಉಳ್ಳಾಲವೋ ಭಟ್ಕಳವೋ ಎಂಬ ಭ್ರಮೆ ಬಂದರೆ ಅಚ್ಚರಿಯಿಲ್ಲ.

ಒಂದು ದಿನ ಹೀಗೆ

ಬೆಳಗ್ಗೆ ಕೋಳಿ ಕೂಗಿಗೆ ಎಚ್ಚರ. ದಡದ ಮೇಲೆ ಒಂದು ಗಂಟೆ ನಡಿಗೆ. ಬರುವಾಗ ತೊರ್ತಿಯಾ ಅಂಗಡಿಯ ಮುಂದೆ ಸರತಿ. ತೊರ್ತಿಯಾ ಎಂದರೆ ಮೆಕ್ಕೆಜೋಳದ ತೆಳು ರೊಟ್ಟಿ, ತೂಕದ ಲೆಕ್ಕದಲ್ಲಿ ಮಾರಾಟ. ಬಿಸಿ ಆರದಂತೆ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಾರೆ. ಮೆಕ್ಕೆಜೋಳವನ್ನು ಅವರು ಹಾಗೆಯೇ ಬೀಸುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಲು ಬಿಟ್ಟು, ತೊಳೆದು, ಬಳಿಕ ರುಬ್ಬುತ್ತಾರೆ. ಹೀಗೆ ಮಾಡಿದರೆ ಕಾಳಿನಲ್ಲಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಮೆಕ್ಕೆಜೋಳವನ್ನು ಯುರೋಪಿಗೆ ಒಯ್ದವರು ಸುಣ್ಣದ ಈ ಪಾಠವನ್ನು ಒಯ್ಯಲಿಲ್ಲ. ಬರೀ ಮೆಕ್ಕೆಜೋಳ ತಿಂದು ಬದುಕಿದ ಅಲ್ಲಿನ ಬಡವರು ಪೆಲಾಗ್ರ ಎಂಬ ಚರ್ಮರೋಗಕ್ಕೆ, ಬುದ್ಧಿಭ್ರಮಣೆಗೆ ತುತ್ತಾದರು. ಅಡುಗೆಮನೆಯ ಹೆಂಗಸರ ತಿಳಿವಳಿಕೆಯನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಕುಡಿಯುವ ನೀರು ನಲ್ಲಿಯದ್ದಲ್ಲ. 20 ಲೀಟರಿನ ದೊಡ್ಡ ಕ್ಯಾನು ಗಾಡಿಯಲ್ಲಿ ಬರುತ್ತದೆ. ಸೊಪ್ಪು ತರಕಾರಿಯನ್ನು ಕ್ರಿಮಿನಾಶಕ ಹನಿ ಹಾಕಿದ ನೀರಿನಲ್ಲಿ ನೆನೆಸಿಟ್ಟೇ ಬಳಸಬೇಕು. ವಾರಕ್ಕೊಮ್ಮೆ ‘ತಿಯಾಂಗಿಸ್’ ಎಂಬ ಬೀದಿ ಸಂತೆ. ಪಪ್ಪಾಯಿ, ಟೊಮೆಟೊ, ಹಸಿಮೆಣಸು, ಮುಳ್ಳು ಹೆರೆದ ಪಾಪಾಸುಕಳ್ಳಿಯ ಎಲೆ. ಹೌದು, ಕಳ್ಳಿಯನ್ನೂ ಅಲ್ಲಿ ಪಲ್ಯ ಮಾಡುತ್ತಾರೆ. ಮಧ್ಯಾಹ್ನ ಊಟ, ನಿದ್ದೆ. ಸಂಜೆ ಊರಿನವರು, ಹೊರಗಿನವರು ಎಲ್ಲರೂ ದಡಕ್ಕೆ ಬಂದು ಸೂರ್ಯ ಮುಳುಗುವುದನ್ನು ನೋಡುತ್ತಾ ನಿಲ್ಲುತ್ತಾರೆ. ಇದು ಪ್ರತಿದಿನದ ಕಾರ್ಯಕ್ರಮ, ಟಿಕೇಟಿಲ್ಲ.

ಓದುವಾಗ ಇದೆಲ್ಲ ಎಷ್ಟು ಚೆನ್ನ! ಆದರೆ ಮೊದಲ ವರ್ಷ ಹೀಗಿರಲಿಲ್ಲ.

ನಿವೃತ್ತಿ ಯಾರಿಗೆ?

ನಲವತ್ತು ವರ್ಷ ಆತ ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಆರಕ್ಕೆ ಮರಳುತ್ತಿದ್ದರು. ಈಗ ಎರಡು ಕೋಣೆಯ ಮನೆಯಲ್ಲಿ ದಿನದ 24 ಗಂಟೆಯೂ ಒಬ್ಬರ ಎದುರು ಒಬ್ಬರು. ಮಾತು ಒಂದು ವಾರದಲ್ಲಿ ಮುಗಿಯಿತು. ಜಗಳ ಶುರುವಾಯಿತು. ಆತನಿಗೆ ಮಾಡಲು ಕೆಲಸವಿಲ್ಲ, ಆಕೆಗೆ ಕೆಲಸ ಮುಗಿಯುವುದಿಲ್ಲ. ಕೆನಡಾದಲ್ಲಿ ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯುವ ಯಂತ್ರ ಎಲ್ಲ ಇದ್ದವು. ಇಲ್ಲಿ ಕೈಯಲ್ಲೇ ತೊಳೆಯಬೇಕು. ಆತ ವರಾಂಡದಲ್ಲಿ ಕುಳಿತು ಕಾಫಿ ಕೇಳಿದಾಗ ಆಕೆ ಒಂದು ದಿನ ಕೇಳಿಯೇ ಬಿಟ್ಟರು: “ನೀನು ಕೆಲಸದಿಂದ ನಿವೃತ್ತನಾದೆ. ನಾನು ಯಾವುದರಿಂದ ನಿವೃತ್ತಳಾದೆ?”

ಈ ಪ್ರಶ್ನೆ ಮೆಕ್ಸಿಕೊಗೆ ಹೋದವರದ್ದು ಮಾತ್ರವೇ? ಪತಿಗೆ 60 ತುಂಬಿದ ದಿನ ನಮ್ಮ ಮನೆಗಳಲ್ಲೂ ಅಡುಗೆಮನೆಯ ಒಲೆ ಆರುವುದಿಲ್ಲ. ಹಗಲಲ್ಲಿ ಒಂದು ಚಹಾ ಹೆಚ್ಚಾಗುತ್ತದೆ, ಅಷ್ಟೇ.

ಆ ಜಗಳದ ಬಳಿಕ ಅವರಿಬ್ಬರೂ ಮಾಡಿಕೊಂಡ ಹೊಂದಾಣಿಕೆ ಸರಳ. ಬೆಳಗಿನ ತಿಂಡಿ ಮತ್ತು ಪಾತ್ರೆ ಆತನ ಪಾಲಿಗೆ. ಮೊಟ್ಟೆ ಹೊತ್ತಿಸಿ, ಬೇಳೆ ಉಕ್ಕಿಸಿ, 71ರ ವಯಸ್ಸಿನಲ್ಲಿ ಆತ ಅಡುಗೆ ಕಲಿತರು. ಅದಕ್ಕೆ ಬದಲಾಗಿ ಆಕೆಯೂ ಒಂದು ಹೊಸ ಕೆಲಸ ವಹಿಸಿಕೊಂಡರು. ಅದುವೇ ಕಡತ.

ಒಂದು ಮಾತ್ರೆಯ ಲೆಕ್ಕ

ಅಷ್ಟರವರೆಗೆ ಬ್ಯಾಂಕು, ವಿಮೆ, ಪಿಂಚಣಿ ಎಲ್ಲವೂ ಆತನ ತಲೆಯೊಳಗಿತ್ತು. ಆತನಿಗೇನಾದರೂ ಆದರೆ ಪರದೇಶದಲ್ಲಿ ಆಕೆ ಯಾರಿಗೆ ಫೋನ್ ಮಾಡಬೇಕು? ಆಕೆಗೆ ಗೊತ್ತಿರಲಿಲ್ಲ.

ಕೆನಡಾದ ಸರಕಾರಿ ಆರೋಗ್ಯ ಸೌಲಭ್ಯ ಊರಿನಲ್ಲಿದ್ದಾಗ ಚೆನ್ನಾಗಿದೆ. ದೇಶದ ಹೊರಗೆ ಅದರ ನೆರವು ತೀರ ಕಡಿಮೆ. ಉದಾಹರಣೆಗೆ ಒಂಟಾರಿಯೊ ಪ್ರಾಂತ, ವಿದೇಶದಲ್ಲಿ ತುರ್ತಾಗಿ ಆಸ್ಪತ್ರೆ ಸೇರಿದವರಿಗೆ ದಿನಕ್ಕೆ ಹೆಚ್ಚೆಂದರೆ 400 ಡಾಲರ್ ಕೊಡುತ್ತದೆ. 12 ತಿಂಗಳಲ್ಲಿ 212 ದಿನಕ್ಕಿಂತ ಹೆಚ್ಚು ಪ್ರಾಂತದ ಹೊರಗಿದ್ದರೆ ಆ ಸೌಲಭ್ಯದ ಹಕ್ಕೇ ಹೋಗಬಹುದು. ಬೇರೆ ಪ್ರಾಂತಗಳಲ್ಲಿ ಬೇರೆ ನಿಯಮ. ಹಾಗಾಗಿ ಖಾಸಗಿ ಪ್ರಯಾಣ ವಿಮೆ ಮಾಡಿಸಲೇಬೇಕು. ವಯಸ್ಸು ಏರಿದಂತೆ ಕಂತೂ ಏರುತ್ತದೆ. ಮೆಕ್ಸಿಕೊದ ಎಷ್ಟೋ ಖಾಸಗಿ ಆಸ್ಪತ್ರೆಗಳು ಹಣದ ಖಾತರಿ ಕಂಡ ಬಳಿಕವೇ ದಾಖಲು ಮಾಡಿಕೊಳ್ಳುತ್ತವೆ. ದೊಡ್ಡ ಆಸ್ಪತ್ರೆಗಳ ನಗರ ಗ್ವಾದಲಹಾರಾ ಮೆಲಾಕೆಯಿಂದ ನಾಲ್ಕೈದು ಗಂಟೆಯ ದಾರಿ.

ಆ ವಿಮೆಯ ಕಾಗದದಲ್ಲಿ ಸಣ್ಣ ಅಕ್ಷರದ ಒಂದು ಷರತ್ತು ಇರುತ್ತದೆ. ಹೊರಡುವ ಮುಂಚಿನ ಇಂತಿಷ್ಟು ದಿನ, ಕೆಲವು ಪಾಲಿಸಿಗಳಲ್ಲಿ 90, ಕೆಲವದರಲ್ಲಿ 180 ದಿನ, ಹಳೆಯ ಕಾಯಿಲೆ ‘ಸ್ಥಿರ’ವಾಗಿರಬೇಕು. ಈ ಅವಧಿಯಲ್ಲಿ ವೈದ್ಯರು ಮಾತ್ರೆ ಬದಲಾಯಿಸಿದರೆ ಅಥವಾ ಪ್ರಮಾಣ ಹೆಚ್ಚಿಸಿದರೆ ಆ ಕಾಯಿಲೆಗೆ ವಿಮೆಯ ಹಣ ಸಿಗದಿರಬಹುದು. ಕೆಲವು ಪಾಲಿಸಿಗಳಲ್ಲಿ ಪ್ರಮಾಣ ಕಡಿಮೆ ಮಾಡಿದರೂ ಇದೇ ಕತೆ.

ಮೂರನೆಯ ವರ್ಷ ಸೆಪ್ಟೆಂಬರಿನಲ್ಲಿ ವೈದ್ಯರು ಆತನ ರಕ್ತದೊತ್ತಡದ ಮಾತ್ರೆಯನ್ನು ಹೆಚ್ಚಿಸಿದರು. ಆತನಿಗೆ ಅದು ದೊಡ್ಡ ವಿಷಯವೆನಿಸಲಿಲ್ಲ. ಬಾಡಿಗೆಯ ಮುಂಗಡ ಕೊಟ್ಟಾಗಿತ್ತು, ವಿಮಾನದ ಟಿಕೇಟೂ ಆಗಿತ್ತು. ಕಡತ ಹಿಡಿದು ಕುಳಿತ ಆಕೆ ಪಾಲಿಸಿಯ ಪ್ರತಿ ಸಾಲನ್ನೂ ಓದಿದರು. ನವೆಂಬರಿಗೆ 90 ದಿನ ತುಂಬುವುದಿಲ್ಲ. “ಈ ವರ್ಷ ಕ್ರಿಸ್‌ಮಸ್ ಮುಗಿಸಿ ಜನವರಿಯಲ್ಲಿ ಹೋಗೋಣ” ಎಂದರು. ಆತ ಸಿಟ್ಟಾದರು, ಎರಡು ದಿನ ಮಾತು ಬಿಟ್ಟರು. ಆಕೆ ಕದಲಲಿಲ್ಲ. ಡಿಸೆಂಬರ್‌ನ ಒಂದು ರಾತ್ರಿ ಆತನಿಗೆ ಎದೆನೋವು ಬಂತು. ಹಿಮ ಸುರಿಯುತ್ತಿದ್ದರೂ ಊರಿನ ಆಸ್ಪತ್ರೆ ಕಾಲು ಗಂಟೆಯ ದಾರಿ. ಆತ ಬದುಕಿದರು. ಬಿಲ್ಲೂ ಬರಲಿಲ್ಲ. ಆ ಚಳಿಗಾಲ ಅವರು ಎಲ್ಲಿಗೂ ಹೋಗಲಿಲ್ಲ.

ಮರುವರ್ಷ ಹೊರಟಾಗ ಕಡತದ ಇನ್ನೊಂದು ಪ್ರತಿ ಮಗಳ ಕೈಯಲ್ಲಿತ್ತು. ಪಕ್ಕದ ಮನೆಯವರ ಕೈಯಲ್ಲಿ ಬೀಗದ ಕೀಲಿಯಿತ್ತು. ಹೆಪ್ಪುಗಟ್ಟಿದ ನೀರಿನ ಕೊಳವೆ ಒಡೆದರೆ, ಮನೆಯನ್ನು ಆಗಾಗ ಯಾರಾದರೂ ನೋಡಿಕೊಳ್ಳುತ್ತಿರಲಿಲ್ಲ ಎಂಬ ಕಾರಣಕ್ಕೆ ಮನೆಯ ವಿಮೆಯೂ ಕೈಕೊಡುವುದುಂಟು.

ಸಹೋದರಿಯರೇ, ನಿಮ್ಮ ಮನೆಯ ಕಾಗದಪತ್ರಗಳು ಯಾವ ಕಪಾಟಿನಲ್ಲಿವೆ, ಯಾವ ಬ್ಯಾಂಕಿನಲ್ಲಿ ಏನಿದೆ, ಯಾರಿಗೆ ಎಷ್ಟು ಕೊಡಲಿಕ್ಕಿದೆ ಎಂದು ನಿಮಗೆ ಗೊತ್ತಿದೆಯೇ? ಕೇಳುವುದು ಅಪನಂಬಿಕೆಯಲ್ಲ. ತಿಳಿಸುವುದರಿಂದ ಪತಿಯ ಘನತೆಯೂ ಕುಂದುವುದಿಲ್ಲ.

ಎರಡು ದಿಕ್ಕಿನ ಪಯಣ

ಮನೆಯೊಡತಿಯದ್ದು ತುಂಬಿದ ಮನೆ. ಆಕೆ, ಆಕೆಯ ವಯಸ್ಸಾದ ತಾಯಿ, ಸೊಸೆ, ಇಬ್ಬರು ಮೊಮ್ಮಕ್ಕಳು. ಕೆನಡಾದ ಅಜ್ಜಿಯನ್ನು ಕಂಡು ಆ ಮನೆಯ ಮುದುಕಿಗೆ ಪ್ರತಿ ವರ್ಷ ಅದೇ ಸಂದೇಹ. “ಮಕ್ಕಳು ಮೊಮ್ಮಕ್ಕಳನ್ನು ಬಿಟ್ಟು ಇಷ್ಟು ದೂರ ಹೇಗೆ ಬರುತ್ತೀರಿ? ಅವರು ಹೇಗೆ ಕಳುಹಿಸುತ್ತಾರೆ?” ಈಕೆಗೆ ಉತ್ತರಿಸಲು ಸ್ಪಾನಿಷ್ ಸಾಲದು. ಸಾಲಿದರೂ ಉತ್ತರ ಸುಲಭವಲ್ಲ. ಮೂವರು ಮಕ್ಕಳು ಮೂರು ನಗರಗಳಲ್ಲಿದ್ದಾರೆ. ಊರಲ್ಲಿದ್ದರೂ ಅವರನ್ನು ನೋಡುವುದು ವರ್ಷಕ್ಕೆ ಎರಡು ಸಲ. ಭಾನುವಾರದ ವೀಡಿಯೊ ಕರೆಯಲ್ಲಿ ಮೊಮ್ಮಗಳು ಬಿದ್ದ ಹಲ್ಲನ್ನು ತೋರಿಸುತ್ತಾಳೆ. ಕರೆ ಮುಗಿದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿ, ವಿದೇಶದಲ್ಲಿರುವವರು ಕೂಡಲೇ ಮರಳಬೇಕೆಂದು ಕೆನಡಾ ಸರಕಾರ ಕರೆ ಕೊಟ್ಟಾಗ ಈ ಊರುಗಳು ಕೆಲವೇ ದಿನಗಳಲ್ಲಿ ಖಾಲಿಯಾದವು. 2021ರ ಜನವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಕೆನಡಾದ ವಿಮಾನ ಸಂಸ್ಥೆಗಳು ಮೆಕ್ಸಿಕೊಗೆ ಹಾರಾಟವನ್ನೇ ನಿಲ್ಲಿಸಿದ್ದವು. ಬಾಡಿಗೆಯನ್ನು ನಂಬಿದ್ದ ಮನೆಗಳಿಗೆ, ಕೋಣೆ ಗುಡಿಸುವ ಹೆಂಗಸರಿಗೆ, ಎಳನೀರಿನ ಗಾಡಿಗೆ ಅದು ಕಷ್ಟದ ಕಾಲವಾಗಿತ್ತು.

ಈ ತುಂಬಿದ ಮನೆಯಲ್ಲೂ ಒಂದು ಖಾಲಿ ಜಾಗವಿದೆ. ಮನೆಯೊಡತಿಯ ಮಗ ಪ್ರತಿ ವರ್ಷ ವಸಂತದಲ್ಲಿ ಕೆನಡಾಕ್ಕೆ ಹೊರಡುತ್ತಾನೆ, ಟೊಮೆಟೊ ಬೆಳೆಯುವ ತೋಟದ ಕೆಲಸಕ್ಕೆ. ಮೆಕ್ಸಿಕೊ ಮತ್ತು ಕೆನಡಾದ ನಡುವೆ 1974ರಿಂದ ಇಂತಹ ಕೃಷಿ ಕಾರ್ಮಿಕರ ಒಪ್ಪಂದವಿದೆ. ವರ್ಷಕ್ಕೆ ಎಂಟು ತಿಂಗಳವರೆಗೆ ದುಡಿಯಬಹುದು, ಡಿಸೆಂಬರ್ ನಡುವೆ ಮರಳಲೇಬೇಕು. ಮಡದಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಕೆನಡಾದ ವೃದ್ಧರು ಬಿಸಿಲು ಹುಡುಕಿ ದಕ್ಷಿಣಕ್ಕೆ ಬರುತ್ತಾರೆ. ಮೆಕ್ಸಿಕೊದ ಯುವಕರು ಕೂಲಿ ಹುಡುಕಿ ಉತ್ತರಕ್ಕೆ ಹೋಗುತ್ತಾರೆ. ಒಬ್ಬರು ಜೊತೆಯಾಗಿ ಕಳೆಯುವ ದಿನಗಳಿಗಾಗಿ ಮನೆ ಬಿಟ್ಟವರು, ಮತ್ತೊಬ್ಬರು ಮನೆಗಾಗಿ ಜೊತೆಯ ದಿನಗಳನ್ನು ಬಿಟ್ಟವರು.

ಮಾರ್ಚ್‌ನ ಒಂದು ಬೆಳಗ್ಗೆ ಆ ಮಗ ಬ್ಯಾಗು ಹೆಗಲಿಗೇರಿಸಿ ಹೊರಟ. ಚಿಕ್ಕ ಮಗು ಕಾಲು ಹಿಡಿದು ಬಿಡಲಿಲ್ಲ. ಸೊಸೆ ಅಳಲಿಲ್ಲ. ಒಳಗೆ ಹೋಗಿ ಬಟ್ಟೆ ಒಗೆಯತೊಡಗಿದಳು. ವರಾಂಡದಿಂದ ಇದನ್ನು ನೋಡಿದ ಕೆನಡಾದ ಅಜ್ಜಿ ಇಳಿದು ಹೋಗಿ ಮಾತಿಲ್ಲದೆ ಅವಳ ಪಕ್ಕ ನಿಂತು ಬಟ್ಟೆ ಹಿಂಡಿಕೊಟ್ಟರು. ತಿಂಗಳ ಬಳಿಕ ಇವರೂ ಹೊರಡುವ ದಿನ ಬಂದಾಗ ಸೊಸೆ ಒಂದು ಸಣ್ಣ ಪೊಟ್ಟಣ ತಂದಳು. ಒಣಮೆಣಸು ಮತ್ತು ಹುಣಸೆಯ ಮಿಠಾಯಿ. “ಅವರಿಗೆ ತಲುಪಿಸುತ್ತೀರಾ? ನಿಮ್ಮ ದೇಶದಲ್ಲೇ ಅಲ್ಲವೇ ಇರುವುದು?” ಆ ತೋಟ ಇವರ ಊರಿನಿಂದ ಎರಡು ಸಾವಿರ ಕಿಲೋಮೀಟರಿಗೂ ದೂರ. ದಮ್ಮಾಮಿಗೆ ಹೊರಟವರ ಕೈಯಲ್ಲಿ ಜಿದ್ದಾದಲ್ಲಿರುವ ಪತಿಗೆ ಹಪ್ಪಳದ ಕಟ್ಟು ಕೊಟ್ಟು ಕಳುಹಿಸುವ ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಆ ಪೊಟ್ಟಣದ ತೂಕ ಗೊತ್ತು. ಅಜ್ಜಿ ಪೊಟ್ಟಣ ತೆಗೆದುಕೊಂಡರು. ಊರು ಸೇರಿದ ಮೇಲೆ ಅಂಚೆಯಲ್ಲಿ ಕಳುಹಿಸಿದರು.

ಅದೇ ಬೀದಿಯ ಕೊನೆಯ ಮನೆಗೆ ಹತ್ತು ವರ್ಷ ಜೋಡಿಯಾಗಿ ಬರುತ್ತಿದ್ದ ಇನ್ನೊಬ್ಬ ಕೆನಡಾದ ಮುದುಕಿ ಈ ಸಲ ಒಬ್ಬರೇ ಬಂದಿದ್ದರು. ಸಂಜೆ ದಡದಲ್ಲಿ ಅವರಿಗೂ ಒಂದು ಕುರ್ಚಿ ಹಾಕುವುದು ನಮ್ಮ ದಂಪತಿಯ ಹೊಸ ರೂಢಿ. ಮುಂದೆ ತಮ್ಮ ಎರಡು ಕುರ್ಚಿಗಳಲ್ಲಿ ಯಾವುದು ಮೊದಲು ಖಾಲಿಯಾಗುವುದೋ ಎಂಬುದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಆತನಿಗೆ ಈಗ ಅನ್ನ ಬೇಯಿಸಲು ಬರುತ್ತದೆ. ಆಕೆಗೆ ಕಡತ ಓದಲು ಬರುತ್ತದೆ.

ಹೊರಡುವ ದಿನ ಪಾತ್ರೆ, ಫ್ಯಾನು, ಕುರ್ಚಿಗಳು ಉಗ್ರಾಣ ಸೇರಿದವು. ಬಾಗಿಲಲ್ಲಿ ನಿಂತ ಮನೆಯೊಡತಿ ಕೇಳಿದರು, “ಮುಂದಿನ ನವೆಂಬರಿಗೂ ಇಬ್ಬರೂ ಬರುತ್ತೀರಲ್ಲ?”

ಅಜ್ಜಿ ಪತಿಯ ಕಡೆ ಒಮ್ಮೆ ನೋಡಿ ಹೇಳಿದರು, “ಓಹಲಾ.”